ಸುವೈಕಿನಲ್ಲಿ ದಕ್ಕೆ ಬಾಯ್ಸ್‌ನ ಡ್ರಮ್ಮರ್

ಮಸ್ಕತ್, ವಿಮಾನ ನಿಲ್ದಾಣ

ಅರವತ್ತನಾಲ್ಕನೇ ವಯಸ್ಸಿನಲ್ಲಿ ಗಿಟಾರ್ ಹೆಗಲಿಗೇರಿಸಿಕೊಂಡು ವಿದೇಶಕ್ಕೆ ಹೋಗಬೇಡಿ ಎಂದು ಹೆಂಡತಿ ಹೇಳಿದ್ದಳು. ನಾನು ಯಾರ ಮಾತನ್ನಾದರೂ ಕೇಳಿದ ದಾಖಲೆ ನಮ್ಮ ಮನೆಯಲ್ಲಿಲ್ಲ. ಹಾಗಾಗಿ ಮಸ್ಕತ್ ನಿಲ್ದಾಣದಲ್ಲಿ ಸುಂಕದ ಅಧಿಕಾರಿಯ ಮುಂದೆ ಪೆಟ್ಟಿಗೆ ಬಿಚ್ಚಿ ನಿಂತಿದ್ದೆ.

ಮಂಗಳೂರಿನಿಂದ ಇಲ್ಲಿಗೆ ಮೂರು ಗಂಟೆ. ಶಿರಾಡಿ ಘಾಟಿಯಲ್ಲಿ ಒಂದು ಲಾರಿ ಅಡ್ಡ ನಿಂತರೆ ಬೆಂಗಳೂರು ಮುಟ್ಟಲು ಇದರ ನಾಲ್ಕು ಪಟ್ಟು ಹೊತ್ತು ಬೇಕು. ಆಯಾಸವೇನೂ ಇರಲಿಲ್ಲ. ಆದರೆ ಆ ಅಧಿಕಾರಿಗೆ ಅವಸರವೂ ಇರಲಿಲ್ಲ. ಗಿಟಾರನ್ನು ಎತ್ತಿ, ತಿರುಗಿಸಿ, ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು ನೋಡಿದ. ಆಮೇಲೆ ಒಂದೊಂದೇ ತಂತಿಯನ್ನು ಮೀಟಿ, ಕಿವಿ ಓರೆ ಮಾಡಿ, ಹಿಂದಿಯಲ್ಲಿ ಹೇಳಿದ: "ತೀಸ್ರಾ ಢೀಲಾ ಹೈ."

ಮೂರನೇ ತಂತಿ ಸಡಿಲವಾಗಿದೆಯಂತೆ! ನಲವತ್ತು ವರ್ಷ ಗಿಟಾರ್ ಬಾರಿಸಿದವನಿಗೆ ಸುಂಕದವನು ಶ್ರುತಿ ಪಾಠ ಮಾಡುವುದೇ? ನನಗೆ ಸಿಟ್ಟು ನೆತ್ತಿಗೇರಿತು. ಮೀಟಿ ನೋಡಿದೆ. ಸಡಿಲವಾಗಿಯೇ ಇತ್ತು. ವಿಮಾನದ ಚಳಿಗೋ ಏನೋ ಇಳಿದಿತ್ತು. ಮನೆಯಲ್ಲಿ ತಾನು ಔದ್ ಎಂಬ ಅರಬ್ಬೀ ತಂತಿವಾದ್ಯ ಬಾರಿಸುತ್ತೇನೆ ಎಂದು ಅವನು ನಕ್ಕು, ಪೆಟ್ಟಿಗೆಯ ಕೊಂಡಿಗಳನ್ನು ತಾನೇ ಹಾಕಿ ಕೊಟ್ಟ. ನಮ್ಮಲ್ಲಾದರೆ ಸುಂಕದವರು ಕೊಂಡಿ ಬಿಚ್ಚುವವರೆಗೆ ಮಾತ್ರ, ಹಾಕುವುದು ನಮ್ಮ ಕರ್ಮ.

ಇಲ್ಲಿಗೆ ಬಂದದ್ದು ಸನ್ಮಾನಕ್ಕೆ. ಮಸ್ಕತ್ತಿನಲ್ಲಿರುವ ನಮ್ಮ ಕರಾವಳಿಯವರ ಸಂಘವೊಂದು ವಾರ್ಷಿಕೋತ್ಸವದಲ್ಲಿ ನನಗೆ ಶಾಲು ಹೊದಿಸುವುದಾಗಿ ಕರೆದಿತ್ತು. 'ಕರಾವಳಿಗೆ ಸ್ಕಾ ಸಂಗೀತ ತಂದ ದಕ್ಕೆ ಬಾಯ್ಸ್ ತಂಡದ ರೂವಾರಿ ವಾಸುದೇವ' ಎಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಒಪ್ಪಿಕೊಂಡದ್ದು ಮಾತ್ರ ಬೇರೆ ಕಾರಣಕ್ಕೆ. ನಮ್ಮ ತಂಡದ ಡ್ರಮ್ಮರ್ ಅಬ್ಬಾಸ್ ಮೂವತ್ತೆಂಟು ವರ್ಷಗಳಿಂದ ಒಮಾನಿನ ಸುವೈಕ್ ಎಂಬ ಊರಿನಲ್ಲಿದ್ದಾನೆ. ಅವನ ಮುಂದೆ ನಿಂತು ಒಂದು ಮಾತು ಹೇಳಬೇಕಿತ್ತು. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಫೋನಿನಲ್ಲಿ ಹೇಳಲು ಧೈರ್ಯ ಸಾಲಲಿಲ್ಲ ಎಂದರೂ ಸರಿಯೇ.

ಅಲ್ ಮವಾಲೇಹ್

ತಂಗಿಯ ಮಗಳು ಶೈಲಾ ಮತ್ತವಳ ಗಂಡ ದಿನೇಶನ ಮನೆ ಇರುವುದು ಅಲ್ ಮವಾಲೇಹ್‌ನಲ್ಲಿ. ಒಂದೇ ಬಣ್ಣದ ಮನೆಗಳು, ಒಂದೇ ಎತ್ತರದ ಗೋಡೆಗಳು. ಮೊದಲ ದಿನ ವಾಕಿಂಗ್ ಹೋದವನು ವಾಪಸು ಬರುವಾಗ ಪಕ್ಕದ ಒಮಾನಿಯವರ ಗೇಟು ತಳ್ಳಿಕೊಂಡು ಒಳಗೆ ಹೋಗಿಬಿಟ್ಟೆ. ಅಂಗಳದಲ್ಲಿ ಕುಳಿತಿದ್ದ ಯಜಮಾನರು ಯಾರು, ಏನು ಎಂದು ಕೇಳುವ ಮೊದಲೇ ಖರ್ಜೂರದ ತಟ್ಟೆ ಮುಂದಿಟ್ಟು, ಬೆರಳುದ್ದದ ಬಟ್ಟಲಿಗೆ ಏಲಕ್ಕಿ ಹಾಕಿದ ಕಹಿ ಕಾಫಿ ಸುರಿದರು. ಕುಡಿದೆ. ಮತ್ತೆ ಸುರಿದರು. ಕುಡಿಯದಿದ್ದರೆ ತಪ್ಪಾದೀತು ಎಂದು ಮತ್ತೆ ಕುಡಿದೆ. ಏಳನೇ ಬಟ್ಟಲಿಗೆ ನನ್ನ ಎದೆ ಢವಢವ ಎನ್ನತೊಡಗಿತು. ಸಾಕಾದರೆ ಖಾಲಿ ಬಟ್ಟಲನ್ನು ಒಮ್ಮೆ ಅಲ್ಲಾಡಿಸಬೇಕಂತೆ, ಹುಡುಕಿಕೊಂಡು ಬಂದ ದಿನೇಶ ಹೇಳಿದ ಮೇಲೆ ಗೊತ್ತಾಯಿತು. ನಮ್ಮಲ್ಲಿ ಎಲೆಗೆ ಅಡ್ಡ ಕೈ ಹಿಡಿದರೂ ಪಾಯಸ ಬೀಳುವುದು ತಪ್ಪುವುದಿಲ್ಲ. ಇವರು ವಾಸಿ, ಅಲ್ಲಾಡಿಸಿದರೆ ನಿಲ್ಲಿಸುತ್ತಾರೆ.

ಆ ಮಧ್ಯಾಹ್ನ ಶೈಲಾಳ ಮಗಳು ಅನ್ವಿ ನನ್ನ ಗಿಟಾರ್ ನೋಡಿ ಕೇಳಿದಳು. ಒಂಬತ್ತು ವರ್ಷ, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ. "ಅಜ್ಜ, ವಾಟ್ ಈಸ್ ಸ್ಕಾ?"

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸ್ಕಾ ಎಂದರೆ ಜಮೈಕಾ ದ್ವೀಪದ ಕುಣಿತದ ಸಂಗೀತ. ರೆಗೆ ಹುಟ್ಟುವ ಮೊದಲೇ ಹುಟ್ಟಿದ್ದು, ಅದರ ಅಣ್ಣ ಅನ್ನಿ. ಟ್ರಂಪೆಟ್, ಸ್ಯಾಕ್ಸೊಫೋನ್ ಬೇಕು. ಗಿಟಾರಿನವನು ತಾಳದ ಏಟಿನ ಮೇಲೆ ಬಾರಿಸುವುದಿಲ್ಲ, ಏಟು ಮತ್ತು ಏಟಿನ ನಡುವಿನ ಜಾಗದಲ್ಲಿ 'ಚಕ್, ಚಕ್' ಎಂದು ಕತ್ತರಿಸುತ್ತಾ ಹೋಗುತ್ತಾನೆ. ನೀವು ಕಾಲು ನೆಲಕ್ಕೆ ಊರುವಾಗ ಅವನು ಸುಮ್ಮನಿರುತ್ತಾನೆ, ಎತ್ತುವಾಗ ಬಾರಿಸುತ್ತಾನೆ. ಅದಕ್ಕೇ ಕೇಳಿದವನ ಕಾಲು ನೆಲದಲ್ಲಿ ನಿಲ್ಲುವುದಿಲ್ಲ.

ಅದು ನಮಗೆ ಹೇಗೆ ಸಿಕ್ಕಿತು ಎಂದರೆ, ಒಂದು ಕ್ಯಾಸೆಟ್. ಬಂದರಿಗೆ ಬಂದ ಹಡಗಿನ ಅಡುಗೆಯವನೊಬ್ಬ ನಮ್ಮ ಟ್ರಂಪೆಟಿನ ಲಾರೆನ್ಸನಿಗೆ ಒಣ ಸಿಗಡಿಯ ಬದಲಿಗೆ ಕೊಟ್ಟದ್ದು. ಮೇಲೆ ಹೆಸರಿಲ್ಲ, ಊರಿಲ್ಲ. ದೋಣಿ ನಿಲ್ಲುವ ದಕ್ಕೆಯ ಹತ್ತಿರ ಮೀನಿನ ಬಲೆ ಇಡುವ ಕೋಣೆಯಲ್ಲಿ ನಾವು ಆರು ಜನ ಅದನ್ನು ಹಾಕಿಕೊಂಡು ಕುಳಿತೆವು. ಅದಕ್ಕೂ ಮೊದಲು ಮದುವೆ ದಿಬ್ಬಣಕ್ಕೆ ಬ್ಯಾಂಡ್ ಬಾರಿಸುತ್ತಿದ್ದವರು ನಾವು. ಮೂರು ತಿಂಗಳಲ್ಲಿ ತುಳು ಪದಗಳನ್ನು ಆ ಚಾಲಿಗೆ ಕೂರಿಸಿ ದಕ್ಕೆ ಬಾಯ್ಸ್ ಆದೆವು. ಕರಾವಳಿಯ ಮೊತ್ತಮೊದಲ ಸ್ಕಾ ತಂಡ. ಕಟ್ಟಕಡೆಯದೂ ಅದೇ, ಆ ಮಾತು ಬೇರೆ. ಮದುವೆ ಹಾಲಿನಲ್ಲಿ ಅಡುಗೆ ಭಟ್ಟರೂ ಸೌಟು ಹಿಡಿದು ಕುಣಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ತಪ್ಪು ಆದದ್ದು ಟೇಪ್ ರೆಕಾರ್ಡರಿನಲ್ಲಿ. ಅದಕ್ಕೆ ಎರಡು ಸ್ಪೀಕರ್. ಬಲಗಡೆಯದ್ದು ಸತ್ತಿತ್ತು. ರಿಪೇರಿ ಮಾಡಿಸೋಣ ಎಂದು ಲಾರೆನ್ಸ್ ಅಂದಾಗ, "ಎರಡೂ ಹೇಳುವುದು ಒಂದನ್ನೇ ಅಲ್ವಾ ಮಾರಾಯ, ಒಂದು ಸಾಕು" ಎಂದು ನಾನೇ ತೀರ್ಪು ಕೊಟ್ಟೆ. ಎಡಗಡೆಯಲ್ಲಿ ಗಿಟಾರ್ ಇತ್ತು, ಟ್ರಂಪೆಟ್ ಇತ್ತು, ಹಾಡು ಇತ್ತು. ಡ್ರಮ್ ಇರಲಿಲ್ಲ. ಆ ಕಾಲದ ಧ್ವನಿಮುದ್ರಣದಲ್ಲಿ ಡ್ರಮ್ಮನ್ನು ಪೂರಾ ಬಲಗಡೆಗೆ ತಳ್ಳಿಬಿಟ್ಟಿದ್ದರು ಎಂದು ನಮಗೇನು ಗೊತ್ತು! ಡ್ರಮ್ ಇಲ್ಲದಿದ್ದರೇನು, ನಮ್ಮ ದಿಬ್ಬಣದ ಏಟು ಇದೆಯಲ್ಲ ಎಂದು ತಾಳದ ಒಂದನೇ ಏಟಿನ ಮೇಲೆ ಢಂ ಎಂದು ಹಾಕಿಕೊಂಡೆವು.

ಅಬ್ಬಾಸ್ ಮಾತ್ರ ಹಾಕಲಿಲ್ಲ. ಬಂದರಿನ ಬ್ಯಾರಿ ಹುಡುಗ, ಆಗ ಇಪ್ಪತ್ತೆರಡು ವರ್ಷ. ದಫ್ ಬಾರಿಸಿ ಪಳಗಿದ ಕೈ. ಕೆಲವು ವಾರ ನಾನು ಹೇಳಿದಂತೆ ಬಾರಿಸಿದವನು ಒಂದು ದಿನದಿಂದ ಒಂದನೇ ಏಟನ್ನು ಖಾಲಿ ಬಿಟ್ಟು ಮೂರನೆಯದರ ಮೇಲೆ ಬೀಳತೊಡಗಿದ. "ಕ್ಯಾಸೆಟಲ್ಲಿ ಹಾಗೇ ಉಂಟು ವಾಸಣ್ಣ" ಅಂದ. ಕ್ಯಾಸೆಟಿನಲ್ಲಿ ಡ್ರಮ್ಮೇ ಇಲ್ಲ, ಇವನಿಗೆ ಎಲ್ಲಿಂದ ಕೇಳಿಸಿತು? ಹೇಳಿದರೂ ಬಿಡಲಿಲ್ಲ. ಕೊನೆಗೆ ಒಂದು ಮದುವೆಯಲ್ಲಿ, ಮುನ್ನೂರು ಜನರ ಎದುರು, ಹಾಡನ್ನು ಅರ್ಧಕ್ಕೆ ನಿಲ್ಲಿಸಿ ಮೈಕಿನಲ್ಲೇ ಅಂದೆ: "ತಾಳ ಗೊತ್ತಿಲ್ಲದವ ಡ್ರಮ್ ಯಾಕೆ ಮುಟ್ಟುವುದು?" ಜನ ಹೋ ಎಂದು ನಕ್ಕರು. ಅಬ್ಬಾಸ್ ಕೋಲುಗಳನ್ನು ಕುರ್ಚಿಯ ಮೇಲಿಟ್ಟು ಇಳಿದು ಹೋದ. ಹದಿನೈದು ದಿನದಲ್ಲಿ ಒಮಾನಿಗೆ ಹೋದ ಎಂಬ ಸುದ್ದಿ ಬಂತು. ನಾವು ಬೇರೆಯವನನ್ನು ಕೂರಿಸಿಕೊಂಡು ಇನ್ನೂ ಆರು ವರ್ಷ ತಪ್ಪನ್ನೇ ಜೋರಾಗಿ ಬಾರಿಸಿದೆವು.

ನಿಜ ಗೊತ್ತಾದದ್ದು ಎರಡು ವರ್ಷದ ಹಿಂದೆ. ಶೈಲಾ ಕೊಟ್ಟ ಇಯರ್‌ಫೋನ್ ಕಿವಿಗೆ ಸಿಕ್ಕಿಸಿ, ಫೋನಿನಲ್ಲಿ ನೆನಪಿದ್ದ ಪದಗಳನ್ನು ಕೊಟ್ಟು ಅದೇ ಹಳೆಯ ಹಾಡನ್ನು ಹುಡುಕಿ ಹಾಕಿದೆ. ಬಲಗಿವಿಯಲ್ಲಿ ಡ್ರಮ್. ಒಂದು ಖಾಲಿ, ಮೂರರ ಮೇಲೆ ಏಟು, ಥೇಟ್ ಅಬ್ಬಾಸ್. ಎಡದ್ದನ್ನು ತೆಗೆದೆ, ಹಾಕಿದೆ, ಬಲದ್ದನ್ನು ತೆಗೆದೆ. ಆ ದಿನ ನನಗೆ ಊಟ ಸೇರಲಿಲ್ಲ. ಅಷ್ಟು ಹೊತ್ತಿಗೆ ಮೂರು ನಾಲ್ಕು ಪತ್ರಿಕೆಯವರಿಗೆ 'ತಾಳವೆಲ್ಲ ನಾನೇ ಕೂರಿಸಿದ್ದು' ಎಂದು ಕೊಚ್ಚಿಕೊಂಡಾಗಿತ್ತು.

ಅನ್ವಿ ಎಲ್ಲ ಕೇಳಿ, "ಸೋ ಯು ಹ್ಯಾವ್ ಟು ಸೇ ಸಾರಿ" ಅಂದಳು. ಹೂಂ ಅಂದೆ. "ದೆನ್ ವೈ ಡಿಡ್ ಯು ಬ್ರಿಂಗ್ ಗಿಟಾರ್?" ಅಂದಳು. ನಾನು ಗಿಟಾರನ್ನು ಪೆಟ್ಟಿಗೆಗೆ ಸೇರಿಸಿ ಕೊಂಡಿ ಹಾಕಿದೆ.

ಸುವೈಕ್

ಬುಧವಾರ ದಿನೇಶ ರಜೆ ಹಾಕಿ ಕಾರಿನಲ್ಲಿ ಕರೆದುಕೊಂಡು ಹೋದ. ಕರಾವಳಿ ಹಿಡಿದು ಒಂದೂವರೆ ಗಂಟೆ. ಒಂದು ಕಡೆ ಸಮುದ್ರ, ಖರ್ಜೂರದ ತೋಟ, ಇನ್ನೊಂದು ಕಡೆ ದೂರದಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟಗಳು. ಹೆದ್ದಾರಿಯಲ್ಲಿ ಒಂದು ಗುಂಡಿ ಬಂದರೆ ಹೇಳು, ಊರಿನ ನೆನಪಾಗಲಿ ಎಂದು ದಿನೇಶನಿಗೆ ಹೇಳಿದೆ. ಬರಲಿಲ್ಲ.

ದಾರಿಯುದ್ದಕ್ಕೂ ನಾನು ಮಾತು ಜೋಡಿಸುತ್ತಾ ಹೋದೆ. ಮೊದಲು ಕುಶಲ ಕೇಳುವುದು, ಆಮೇಲೆ ಕ್ಯಾಸೆಟಿನ ವಿಷಯ, ಆಮೇಲೆ ಕ್ಷಮೆ. ಬಾಯಿಪಾಠವಾಗಿತ್ತು.

ಅಬ್ಬಾಸನ ಕೆಫೆಟೇರಿಯಾ ಮಾರ್ಕೆಟಿನ ಬದಿಯಲ್ಲಿ. ಹೊರಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಳಗೆ ಒಬ್ಬ ಮಲಯಾಳಿ ಪರೋಟ ಬಡಿಯುತ್ತಿದ್ದ. ಚಹಾ ಕುದಿಯುವ ಪಾತ್ರೆಯ ಹಿಂದೆ ನಿಂತಿದ್ದ ಬಿಳಿ ಗಡ್ಡದವನು ಅಬ್ಬಾಸ್ ಎಂದು ಗೊತ್ತಾಗಲು ನನಗೆ ಹೊತ್ತು ಬೇಕಾಯಿತು. ಅವನಿಗೆ ಬೇಕಾಗಲಿಲ್ಲ.

"ದಾನೆ ವಾಸಣ್ಣ, ಕೂದಲೆಲ್ಲ ಎಲ್ಲಿ ಹೋಯ್ತು?"

ಆಮೇಲಿನ ಮಾತೆಲ್ಲ ತುಳುವಿನಲ್ಲೇ. ಓದುವವರಿಗಾಗಿ ಕನ್ನಡ ಮಾಡಿದ್ದೇನೆ.

ಚಹಾ ಕೊಟ್ಟ, ಕುಳಿತ. ನಾನು ಗಂಟಲು ಸರಿಮಾಡಿಕೊಂಡೆ. "ಅಬ್ಬಾಸ್, ಒಂದು ಮಾತು ಹೇಳ್ಲಿಕ್ಕೆ ಬಂದದ್ದು—"

ಹೊರಗೆ ಒಂದು ಕಾರು ಬಂದು ನಿಂತು ಎರಡು ಸಲ ಹಾರ್ನ್ ಹೊಡೆಯಿತು. ಅಬ್ಬಾಸ್ ಎದ್ದು ಎರಡು ಲೋಟ ಚಹಾ ಹಿಡಿದು ಹೋದ. ಇಲ್ಲಿಯ ಪದ್ಧತಿ ಅದು. ಯಾರೂ ಕಾರಿನಿಂದ ಇಳಿಯುವುದಿಲ್ಲ. ಅಂಗಡಿಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದರೆ ಚಹಾ ಕಿಟಕಿಗೆ ಬರಬೇಕು. ನಮ್ಮೂರಿನಲ್ಲಿ ಹೋಟೆಲಿನೆದುರು ಹಾಗೆ ಹಾರ್ನ್ ಹೊಡೆದರೆ ಮಾಣಿ ಚಹಾದ ಬದಲು ಬಿಸಿನೀರು ತಂದಾನು.

ಅಬ್ಬಾಸ್ ವಾಪಸು ಬಂದ. "ಕ್ಯಾಸೆಟಿನ ವಿಷಯ," ಅಂದೆ. ಇನ್ನೊಂದು ಹಾರ್ನ್, ಗಿಡ್ಡದ್ದು. ಅವನು ತಲೆ ಎತ್ತದೆಯೇ ಒಳಗಿನವನಿಗೆ, "ಸಕ್ಕರೆ ಕಡಿಮೆ, ಒಂದು ಪರೋಟ" ಅಂದ.

"ನೋಡದೆ ಹೇಗೆ ಗೊತ್ತು?" ಅಂದೆ.

"ಹಾರ್ನಿನಲ್ಲೇ ಗೊತ್ತಾಗ್ತದೆ. ಒಬ್ಬೊಬ್ಬರದ್ದು ಒಂದೊಂದು ಏಟು. ಉದ್ದ ಎಳೆದು ಬಿಡುವವ ಶಾಲೆಯ ಬಸ್ಸಿನ ಡ್ರೈವರ್. ಒಂದು ಹೊಡೆದು, ನಿಲ್ಲಿಸಿ, ಮತ್ತೆ ಎರಡು ಹೊಡೆದರೆ ನನ್ನ ಕಫೀಲ್, ವೀಸಾ ಕೊಟ್ಟ ಅರಬಿ ಯಜಮಾನರು. ಅವರಿಗೆ ನಾನೇ ಕೊಂಡು ಹೋಗ್ಬೇಕು."

ತಾಳ ಗೊತ್ತಿಲ್ಲದವ ಎಂದು ನಾನು ಮೈಕಿನಲ್ಲಿ ಸಾರಿದ್ದು ಈ ಮನುಷ್ಯನನ್ನು. ಬಾಯಿಪಾಠ ಮಾಡಿದ್ದೆಲ್ಲ ಮರೆತು ಹೋಯಿತು. ಸೀದಾ ಹೇಳಿಬಿಟ್ಟೆ. "ನೀನು ಬಾರಿಸಿದ್ದೇ ಸರಿ ಇತ್ತು, ಅಬ್ಬಾಸ್. ಡ್ರಮ್ ಬಲಗಡೆಯ ಸ್ಪೀಕರಿನಲ್ಲಿತ್ತು. ನನಗೆ ಈಗ ಗೊತ್ತಾದದ್ದು. ನಂದೇ ತಪ್ಪು."

ಅವನು ಲೋಟ ಕೆಳಗಿಟ್ಟ. "ನನಗೆ ಆಗ್ಲೇ ಗೊತ್ತಿತ್ತಲ್ಲ. ಮಾವ ಕುವೈತಿನಿಂದ ದೊಡ್ಡ ಟೇಪ್ ತಂದಿದ್ರು, ಎರಡೂ ಸ್ಪೀಕರ್ ಸರಿ ಇದ್ದದ್ದು. ಲಾರೆನ್ಸಣ್ಣನ ಹತ್ರ ಕ್ಯಾಸೆಟ್ ಕೇಳಿ ಕೊಂಡುಹೋಗಿ ಅದರಲ್ಲಿ ಹಾಕಿ ನೋಡಿದ್ದು. ನಿಮ್ಮನ್ನು ಕರೆದಿದ್ದೇನೆ ವಾಸಣ್ಣ. ಎರಡು ಸಲ. ಬನ್ನಿ, ಒಮ್ಮೆ ಕೇಳಿ ಅಂತ. ದಕ್ಕೆಯಿಂದ ಮಾವನ ಮನೆಗೆ ಹತ್ತು ನಿಮಿಷದ ದಾರಿ."

ಕರೆದದ್ದು ನನಗೆ ನೆನಪಿರಲಿಲ್ಲ. ಅವನು ಹೇಳಿದ ಮೇಲೆ ನೆನಪಾಯಿತು. 'ನನಗೆ ಬೇರೆ ಕೆಲಸ ಇಲ್ವಾ' ಎಂದಿದ್ದೆ.

"ಅದಕ್ಕೇ ಊರು ಬಿಟ್ಯಾ?"

"ವೀಸಾ ಮೊದಲೇ ಬಂದಿತ್ತು. ಹೋಗುವುದಿಲ್ಲ ಅಂತ ಉಮ್ಮನ ಹತ್ರ ಹೇಳಿ ಆಗಿತ್ತು. ತಂಡ ಒಳ್ಳೆ ನಡೀತಿದೆ, ಇಲ್ಲೇ ಇರ್ತೇನೆ ಅಂತ. ಆ ಮದುವೆಯಿಂದ ಮನೆಗೆ ಹೋಗಿ, ಹೋಗ್ತೇನೆ ಅಂದೆ." ಗಡ್ಡ ಸವರಿಕೊಂಡ. "ಹೋದದ್ದಕ್ಕೆ ನಷ್ಟ ಏನೂ ಆಗ್ಲಿಲ್ಲ. ಮಕ್ಕಳು ಓದಿದ್ರು, ಮನೆ ಆಯ್ತು. ಆದ್ರೆ ಒಂದೆರಡು ವರ್ಷ ನನಗೇ ಅನುಮಾನ ಬಂದಿತ್ತು ನೋಡಿ. ಐದು ಜನ ಒಂದು ಕಡೆ, ನಾನೊಬ್ಬ ಒಂದು ಕಡೆ. ಮುನ್ನೂರು ಜನ ನಕ್ಕದ್ದು. ನನ್ನ ಕಿವಿಯೇ ಸರಿ ಇಲ್ವೋ ಏನೋ ಅಂತ."

"ಆಮೇಲೆ?"

"ಇಲ್ಲಿ ಮದುವೆಗೆ ಡೋಲು ಬಾರಿಸುವವರಿದ್ದಾರೆ. ಜಂಜಿಬಾರಿನಿಂದ ಬಂದವರ ಮಕ್ಕಳು, ಬಲೂಚಿಗಳು. ಒಮ್ಮೆ ಚಹಾ ಕೊಡ್ಲಿಕ್ಕೆ ಹೋದವ ಸುಮ್ಮನೆ ಕೈ ಹಾಕಿದೆ. ಅವರು ಹಿಡಿದು ಕೂರಿಸಿದ್ರು. ಈಗ್ಲೂ ಕರೀತಾರೆ. ಅಲ್ಲಿ ಯಾರೂ ನಗುವುದಿಲ್ಲ."

ನನಗೆ ಅಳು ಬಂತು. ಅರವತ್ತನಾಲ್ಕು ವರ್ಷದ ಗಂಡಸು ಸುವೈಕಿನ ಚಹಾ ಅಂಗಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಅತ್ತೆ. ನಾಚಿಕೆಯೇನೂ ಆಗಲಿಲ್ಲ. ದಿನೇಶನಿಗೆ ಆಯಿತು, ಅವನು ಫೋನ್ ನೋಡತೊಡಗಿದ.

"ಖಲಾಸ್, ಖಲಾಸ್," ಅಂದ ಅಬ್ಬಾಸ್. "ಮುಗಿದ ಕತೆ. ಚಾ ಆರ್ತದೆ, ಕುಡೀರಿ."

ಶುಕ್ರವಾರ ಸಭೆಯಲ್ಲಿ ಎಲ್ಲರ ಎದುರು ಇದನ್ನು ಹೇಳುತ್ತೇನೆ, ಬಾ ಎಂದೆ. ಶುಕ್ರವಾರ ಅಂಗಡಿಯಲ್ಲಿ ರಶ್ಶು, ನೋಡುವ ಎಂದ. ನಮ್ಮ ಕಡೆಯವರು 'ನೋಡುವ' ಎಂದರೆ ಬರುವುದಿಲ್ಲ ಎಂದೇ ಅರ್ಥ. ಕಾರಿನಲ್ಲಿ ಕೂತು ನಾನು ದಿನೇಶನಿಗೆ, "ಅವ ಬರುವುದಿಲ್ಲ" ಅಂದೆ.

ಮಸ್ಕತ್, ಶುಕ್ರವಾರ ಸಂಜೆ

ಬಂದ. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಮೂರನೇ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದ. ಅವನಿಲ್ಲದಿದ್ದರೆ ಸುಲಭವಾಗುತ್ತಿತ್ತು ಎಂದು ಒಂದು ಕ್ಷಣ ಅನ್ನಿಸಿದ್ದೂ ಹೌದು.

ಸಭೆ ನಮ್ಮೂರಿನ ಸಭೆಯೇ. ಹೇಳಿದ ಹೊತ್ತಿಗಿಂತ ಒಂದು ಗಂಟೆ ತಡ, ಸ್ವಾಗತ ಭಾಷಣ ಮಾಡಿದವರಿಗೆ ಧನ್ಯವಾದ ಹೇಳಲು ಇನ್ನೊಬ್ಬರು. ಎಲ್ಲ ಮುಗಿದ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅದಾದ ಮೇಲೆ ಮಸ್ಕತ್ತಿನ ಆಫೀಸುಗಳಲ್ಲಿ ಕೆಲಸ ಮಾಡುವ ನಾಲ್ಕು ಮಂದಿ ನಮ್ಮವರ ಜೊತೆ ನಾನು ಎರಡು ಹಾಡು ಬಾರಿಸುವುದು ಎಂದಿತ್ತು. ಮೈಕ್ ಕೈಗೆ ಬಂದಾಗ ಹಾಡು ಶುರು ಮಾಡಲಿಲ್ಲ. ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಸ್ಪೀಕರ್, ಮದುವೆ, ಮೈಕಿನಲ್ಲಿ ಬೈದದ್ದು, ಪತ್ರಿಕೆಯವರಿಗೆ ಹೇಳಿದ ಸುಳ್ಳು. "ಈ ಶಾಲಿಗೆ ನಾನು ತಕ್ಕವನಲ್ಲ. ತಾಳ ಸರಿಯಾಗಿ ಕೇಳಿಸಿಕೊಂಡವ ಒಬ್ಬನೇ, ಅಬ್ಬಾಸ್" ಎಂದೆ.

ಭಾರೀ ಚಪ್ಪಾಳೆ. ಸಂಘದ ಕಾರ್ಯದರ್ಶಿ ಇನ್ನೊಂದು ಮೈಕ್ ಹಿಡಿದು ಬಂದು, "ನೋಡಿ ಬಂಧುಗಳೇ, ಎಂಥಾ ವಿನಯ! ತುಂಬಿದ ಕೊಡ ತುಳುಕುವುದಿಲ್ಲ ಅನ್ನುವುದು ಇದಕ್ಕೇ!" ಅಂದರು. ಇನ್ನಷ್ಟು ಚಪ್ಪಾಳೆ.

"ವಿನಯ ಅಲ್ಲ ಮಾರಾಯ್ರೆ, ನಿಜವಾಗಿ ಹೇಳುವುದು," ಅಂದೆ.

ಜನ ನಕ್ಕರು. ಕಾರ್ಯದರ್ಶಿ ನನ್ನ ಬೆನ್ನು ತಟ್ಟಿದರು. ಮೂವತ್ತೆಂಟು ವರ್ಷ ಸುಳ್ಳು ಹೇಳಿದಾಗ ನಂಬಿದವರು ಈಗ ನಿಜ ಹೇಳಿದರೆ ದೊಡ್ಡತನ ಎನ್ನುತ್ತಿದ್ದರು. ನನ್ನ ಮರ್ಯಾದೆ ಮೊದಲಿಗಿಂತ ಹೆಚ್ಚಾಗಿಬಿಟ್ಟಿತ್ತು! ಏನು ಮಾಡುವುದೆಂದು ತೋಚದೆ ಮೂರನೇ ಸಾಲು ನೋಡಿದೆ. ಅಬ್ಬಾಸ್ ಎದ್ದು ನಿಂತಿದ್ದ. ಹೊರಟುಹೋಗುತ್ತಾನೆ ಅಂದುಕೊಂಡೆ. ಅವನು ವೇದಿಕೆ ಹತ್ತಿ ಬಂದು ಕಾರ್ಯದರ್ಶಿಯ ಕೈಯಿಂದ ಮೈಕ್ ತೆಗೆದುಕೊಂಡ. ಅವರು ಧನ್ಯವಾದ ಹೇಳಲಿಕ್ಕೆ ಎಂದು ಭಾವಿಸಿ ನಗುನಗುತ್ತಾ ಕೊಟ್ಟರು.

"ಎಲ್ಲರಿಗೂ ನಮಸ್ಕಾರ. ನನ್ನ ಹೆಸರು ಅಬ್ಬಾಸ್. ಸುವೈಕಲ್ಲಿ ಚಾ ಅಂಗಡಿ ಉಂಟು. ಇವ್ರು ಹೇಳಿದ್ದು ವಿನಯ ಅಲ್ಲ. ಆ ದಿನ ತಾಳ ತಪ್ಪಿದ್ದು ನಂದಲ್ಲ, ಇವ್ರದ್ದು. ಬೈಸಿಕೊಂಡದ್ದು ನಾನು. ಅದು ವಿನಯ ಅಂತ ಆದ್ರೆ ನಾನು ಪುನಃ ತಪ್ಪುಗಾರ ಆಗ್ತೇನೆ. ಹಾಗೆ ಮಾಡ್ಬೇಡಿ. ಇವ್ರು ಹೇಳಿದ್ದನ್ನು ನಂಬಿ."

ಹಿಂದಿನಿಂದ ಒಬ್ಬರು ಒಂದು ಚಪ್ಪಾಳೆ ತಟ್ಟಿ, ಯಾರೂ ಜೊತೆ ಸೇರದ್ದನ್ನು ಕಂಡು ನಿಲ್ಲಿಸಿದರು. ಕಾರ್ಯದರ್ಶಿಯ ಮುಖ ನೋಡುವಂತಿರಲಿಲ್ಲ. ನನಗೆ ಅವಮಾನವಾಯಿತು, ಚೆನ್ನಾಗಿಯೇ ಆಯಿತು. ಅದರ ಜೊತೆಗೇ ಎರಡು ವರ್ಷದಿಂದ ಸಿಗದಿದ್ದ ಒಂದು ನೆಮ್ಮದಿಯೂ ಆಯಿತು.

ಅಬ್ಬಾಸ್ ಮೈಕ್ ವಾಪಸು ಕೊಟ್ಟು, ಡ್ರಮ್ಮಿನ ಹಿಂದೆ ಕುಳಿತಿದ್ದವನ ಹೆಗಲು ಮುಟ್ಟಿದ. ಅವನು ಎದ್ದು ಜಾಗ ಕೊಟ್ಟ. ಅಬ್ಬಾಸ್ ವಾಚು ಬಿಚ್ಚಿ ಕಿಸೆಗೆ ಹಾಕಿ, ತೋಳು ಮಡಚಿ, ಕೋಲು ಎತ್ತಿದ. "ಯಲ್ಲಾ" ಅಂದು ಶುರು ಮಾಡಿದ.

ದೊಡ್ಡ ಡ್ರಮ್ಮಿನ ಪೆಡಲ್ ಒತ್ತುವ ಕಾಲು ಮೊದಲು ಸ್ವಲ್ಪ ಎಡವಿತು. ನಾಲ್ಕು ಸುತ್ತು ಹೋಗುವುದರೊಳಗೆ ಕೂತಿತು. ಒಂದು ಖಾಲಿ, ಎರಡು, ಮೂರರ ಮೇಲೆ ಏಟು. ಮುಂದಿನ ಸಾಲಿನಲ್ಲಿ ಅನ್ವಿಯ ಕಾಲು ಕುರ್ಚಿಯ ಕೆಳಗೆ ಕುಣಿಯತೊಡಗಿತು. ಉಳಿದವರು ತಮ್ಮ ತಮ್ಮ ವಾದ್ಯ ಹಿಡಿದು ನನ್ನ ಮುಖ ನೋಡುತ್ತಿದ್ದರು. ನಾನು ಗಿಟಾರ್ ಎತ್ತಿ ತಂತಿಯ ಮೇಲೆ ಬೆರಳಿಟ್ಟೆ, ಆದರೆ ಬಾರಿಸಲಿಲ್ಲ.

ಅಬ್ಬಾಸ್ ಬಾರಿಸುತ್ತಲೇ ಕೂಗಿದ: "ಎಂತ ವಾಸಣ್ಣ, ಸೇರುವುದಿಲ್ವಾ?"

"ಸ್ವಲ್ಪ ತಡಿ ಅಬ್ಬಾಸ್," ಅಂದೆ. "ಕೇಳ್ತಾ ಇದ್ದೇನೆ."